ಕಲ್ಲಿನಾಚೆಯ ಬುತ್ತಿ

ನನ್ನ ಗಂಡ ಕುಟ್ಟಪ್ಪನವರ ಕೆಲಸ ಕಾಡು ಕಾಯುವುದು. ಅವರ ಪಾಲಿಗೆ ಬಂದದ್ದರಲ್ಲಿ ಕಾಡಿಗಿಂತ ಬೋಳೇ ಹೆಚ್ಚು. ಭಾಗಮಂಡಲದ ಮೇಲಿನ ಹುಲ್ಲುಗುಡ್ಡಗಳ ನೆತ್ತಿಯಲ್ಲಿ ಏಳು ಮೈಲಿಯ ಒಂದು ಸೆಕ್ಷನ್ ಅವರದು. ಆ ನೆತ್ತಿಯೇ ಕೊಡಗಿಗೂ ಕೆಳಗಿನ ಸುಳ್ಯ ಸೀಮೆಗೂ ಗಡಿ. ಪ್ರತಿ ಮಾರ್ಚಿನಲ್ಲಿ, ಕಾಫಿಗೆ ಹೂಮಳೆ ಬೀಳುವ ಮೊದಲು, ಇವರು ಗಡಿಕಲ್ಲುಗಳಿಗೆ ಸುಣ್ಣ ಬಳಿಯುತ್ತ ಕೊನೆಯ ಕಲ್ಲಿನವರೆಗೆ ನಡೆಯಬೇಕು. ಆ ಕಡೆಯಿಂದ ತೊಡಿಕಾನದ ವಾಚರ್ ಧರ್ಮಪಾಲ ತನ್ನ ಸೆಕ್ಷನ್ ಮುಗಿಸಿ ಅದೇ ಕಲ್ಲಿಗೆ ಬರುತ್ತಾನೆ. ಇಬ್ಬರೂ ಅಲ್ಲಿ ಕೂತು ಉಣ್ಣುತ್ತಾರೆ. ಆ ಕಲ್ಲಿನ ಬುಡದಲ್ಲಿ ತನ್ನ ಮನೆಯ ಬುತ್ತಿಯನ್ನು ತಾನೇ ಉಣ್ಣಬಾರದು ಎಂಬುದು ವಾಚರುಗಳ ಹಳೆಯ ಪದ್ಧತಿ. ನಮ್ಮ ಬುತ್ತಿ ಅವನಿಗೆ, ಅವನ ಬುತ್ತಿ ಇವರಿಗೆ. ಅರ್ಧ ಅಲ್ಲಿ ಉಂಡು ಅರ್ಧ ಮನೆಗೆ ತರುತ್ತಾರೆ.

ಹೀಗೆ ಇಪ್ಪತ್ತಾರು ವರ್ಷದಿಂದ ನಾನು ಧರ್ಮಪಾಲನ ತಂಗಿ ಯಮುನಳ ಅಡಿಗೆ ಉಂಡಿದ್ದೇನೆ, ಅವಳು ನನ್ನದು ಉಂಡಿದ್ದಾಳೆ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಈ ಯಮುನ ಯಾರೆಂದು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ನನಗಿಂತ ಮೊದಲು ಇವರು ಮದುವೆಯಾಗಬೇಕೆಂದಿದ್ದವಳು. ಸುಳ್ಯದ ಕಡೆ ಯಾರದೋ ಮದುವೆಯಲ್ಲಿ ನೋಡಿ, ಮೆಚ್ಚಿ, ಮನೆತನ ಕೇಳಿ, ಗದ್ದೆ ತೋಟ ಎಲ್ಲ ಕೇಳಿ, ಬಳಿ ಒಂದನ್ನು ಕೇಳಲು ಮರೆತ ಮಹಾನುಭಾವರು ಇವರು. ನಮ್ಮ ಗೌಡರಲ್ಲಿ ಬಳಿಯೆಂದರೆ ಗೋತ್ರದ ಹಾಗೆ, ಒಂದೇ ಬಳಿಯವರು ಅಣ್ಣ ತಂಗಿಯರು. ಮಾತುಕತೆಗೆ ಕೂತ ದಿನ ಹಿರಿಯರು ಬಳಿ ಹೇಳಿಕೊಂಡಾಗ ಎರಡೂ ಮನೆಯದು ಒಂದೇ ಆಗಿತ್ತು. ಎಲೆ ಅಡಿಕೆಯ ಹರಿವಾಣವನ್ನು ಯಾರೂ ಮುಟ್ಟದೆ ಹಾಗೇ ಒಳಗಿಟ್ಟರಂತೆ. ಆ ಗಳಿಗೆಯಿಂದ ಅವಳು ಇವರಿಗೆ ತಂಗಿ, ಮುಂದೆ ಬಂದ ನನಗೆ ನಾದಿನಿ. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಅತ್ತೆ. ಇವರು ಇಂದಿನವರೆಗೆ ಬಾಯಿ ಬಿಟ್ಟಿಲ್ಲ.

ಮೊದಲ ವರ್ಷ ನಾನು ಬೇಕೆಂದೇ ಬುತ್ತಿಗೆ ಹಿಡಿ ಉಪ್ಪು ಸುರಿದು ಕಳಿಸಿದೆ. ಮರುವರ್ಷ ಆಚೆಯಿಂದ ಬಂದ ಸಿಗಡಿ ಚಟ್ನಿಯಲ್ಲಿ ಒಂದು ಕಲ್ಲು ಉಪ್ಪೂ ಇರಲಿಲ್ಲ. ನನಗೆ ಓದು ಬರಹ ಬಾರದು, ಆದರೂ ಅದನ್ನು ಓದಿಕೊಂಡೆ, ಒಲೆಯ ಮುಂದೆ ಒಬ್ಬಳೇ ನಕ್ಕೆ. ಅವಳು ಮದುವೆಯಾದ ಎರಡು ವರ್ಷಕ್ಕೇ ಗಂಡನನ್ನು ಕಳಕೊಂಡು ಅಣ್ಣನ ಮನೆಗೆ ಬಂದಳೆಂದು ಆಮೇಲೆ ತಿಳಿಯಿತು. ಉಪ್ಪಿನ ಬಗ್ಗೆ ನಾಚಿಕೆಯಾಯಿತು.

ನನ್ನ ಎರಡನೇ ಮಗು ಹುಟ್ಟಿ ಮೂರು ದಿನಕ್ಕೆ ಹೋಯಿತು. ಅದೂ ಫೆಬ್ರವರಿ ಕೊನೆ. ನಮ್ಮ ಮನೆಯಲ್ಲಿ ಎಲ್ಲರೂ ಮಗುವಿಗಾಗಿ ಅತ್ತರು, ಮರೆತರು, ನನ್ನನ್ನು ಗದ್ದೆಗೆ ಕರೆದರು. ಸುದ್ದಿ ಹೇಗೋ ಗುಡ್ಡ ದಾಟಿತ್ತು. ಆ ಸಲ ಬುತ್ತಿಯ ಜೊತೆ ಬಾಳೆಲೆಯಲ್ಲಿ ಕಟ್ಟಿದ ಮೆಂತೆ ಉಂಡೆ ಬಂತು, ಬಾಣಂತಿಗೆ ಕೊಡುವಂಥದ್ದು. "ಅತ್ತಿಗೆ ಒಬ್ರೇ ತಿನ್ನಕು, ಬೇರೆಯವರಿಗೆ ಕೊಡುದು ಬೇಡ" ಎಂದು ಹೇಳಿ ಕಳಿಸಿದ್ದಳಂತೆ. ಮಗು ಇಲ್ಲದ ಬಾಣಂತಿಯೂ ಬಾಣಂತಿಯೇ ಎಂದು ಗುಡ್ಡದಾಚೆಯ ಅವಳೊಬ್ಬಳಿಗೆ ಹೊಳೆದಿತ್ತು. ಅಂದಿನಿಂದ ನನಗೆ ಅವಳನ್ನು ನೋಡಬೇಕೆಂಬ ಆಸೆ ಹಿಡಿಯಿತು. ಸಣ್ಣ ಆಸೆಯಲ್ಲ. ಹಟ್ಟಿಯಲ್ಲಿ ಸಗಣಿ ಬಾಚುವಾಗಲೂ ಅವಳೊಂದಿಗೆ ಮನಸ್ಸಿನಲ್ಲೇ ಮಾತಾಡುತ್ತಿದ್ದೆ.

ಮಡಿಕೇರಿ, ಸಂಪಾಜೆ, ಸುಳ್ಯ ಎಂದು ಬಸ್ಸಿನಲ್ಲಿ ಸುತ್ತಿ ಹೋಗಬಹುದಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಮುರಿದ ಮಾತುಕತೆಯ ಮನೆಗೆ ನೆಂಟರಾಗಿ ಹೋದರೆ ಊರಿಡೀ ನಗುತ್ತದೆ. ಕಲ್ಲಿನ ಹತ್ತಿರವಾದರೆ ಅದು ಸರಕಾರದ ಕೆಲಸ, ಯಾರೂ ಕೇಳುವುದಿಲ್ಲ.

ಹೋದ ವರ್ಷ ಇವರು ಇಳಿದು ಬಂದವರು, ಕಾಲು ತೊಳೆಯುತ್ತ, ಏನೂ ಅಲ್ಲದ ಮಾತಿನ ಹಾಗೆ ಹೇಳಿದರು. "ನಂಗೆ ಬರುವ ವರ್ಷ ರಿಟೈರ್ ಅಲ್ವಾ. ಆಗ ಯಮುನನೂ ಕಲ್ಲಿಗೆ ಬಂದದೆ ಅಂತ ಧರ್ಮಪಾಲ ಹೇಳ್ದ."

"ನಾನೂ ಬನ್ನೆ," ಎಂದೆ.

ಇವರು ನೀರಿನ ಚೊಂಬು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಒಂದು ವರ್ಷ ಆ ಮಾತೇ ಇಲ್ಲ.

ಅಷ್ಟರಲ್ಲಿ ರಾಜ್ಯಗಳು ಒಂದಾದವು. ಅದುವರೆಗೆ ಬೇರೆ ಬೇರೆ ರಾಜ್ಯದಲ್ಲಿದ್ದ ಕೊಡಗೂ ಮೈಸೂರು, ಸುಳ್ಯವೂ ಮೈಸೂರು. ಫೆಬ್ರವರಿಯಲ್ಲಿ ಆಫೀಸಿನಿಂದ ಕಾಗದ ಬಂತು: ಇನ್ನು ಆ ಕಲ್ಲುಗಳಿಗೆ ಸುಣ್ಣ ಬೇಡ, ಸೆಕ್ಷನ್ ಪೂರ್ತಿ ನಡೆಯುವ ಅಗತ್ಯವೂ ಇಲ್ಲ. ಇವರು ಅದನ್ನು ಎರಡು ಸಲ ಓದಿ, ಮಡಚಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಮರುದಿನ ಸಂತೆಯಿಂದ ಸ್ವಂತ ದುಡ್ಡಿನಲ್ಲಿ ಸುಣ್ಣ ತಂದರು. ನಾನು ಅಕ್ಕಿ ನೆನೆಹಾಕುವ ದಿನ ಎಣಿಸತೊಡಗಿದೆ.

ಇವರಿಗೆ ಒಂದು ವರ್ಷದಿಂದ ಎಡ ಮೊಣಕಾಲು ಊತ. ದಿನಾ ಸಂಜೆ ಎಣ್ಣೆ ಕಾಯಿಸಿ ತಿಕ್ಕಿದೆ. ನನ್ನ ಕಾಲೂ ಗದ್ದೆಯ ಕಾಲು, ಗುಡ್ಡದ್ದಲ್ಲ. ಹದಿನೈದು ದಿನ ಮನೆಯ ಹಿಂದಿನ ಬರೆಯ ಏರನ್ನು ತಲೆಯ ಮೇಲೊಂದು, ಸೊಂಟದಲ್ಲೊಂದು ನೀರಿನ ಕೊಡ ಹೊತ್ತು ಹತ್ತಿ ಇಳಿದೆ. ನೆರೆಯ ನಿಂಗಮ್ಮ ಬೇಲಿಯ ಮೇಲಿಂದ ನೋಡಿ, "ಬಾವಿ ಕೆಳಗೆ ಉಟ್ಟಲ್ಲ, ನೀರು ಮೇಲೆ ಎಂತಕೆ ಹೊತ್ಕಂಡ್ ಹೋದು?" ಎಂದು ಕೇಳಿದಳು. ಗುಡ್ಡಕ್ಕೆ ಬಾಯಾರಿಕೆ ಎಂದೆ.

"ನೀ ಬಾದು ಬೇಡ," ಎಂದರು ಇವರು ಕೊನೆಗೂ. "ಆ ಕತ್ತಿಬೆನ್ನಿನ ಸಪೂರ ದಾರೀಲಿ ಗಾಳಿ ಹೊಡ್ದರೆ ಆಡೂ ನಿಲ್ಲುದಿಲ್ಲೆ."

"ನಿಮ್ಮ ಮೊಣಕಾಲು ನಿಂತದೆಯಾ? ಹಿಡ್ಕಣಕೆ ಒಬ್ಬರು ಬೇಡ್ವಾ?"

ಆಮೇಲೆ ಇವರು ನನಗೆ ಗುಡ್ಡದ ನಡಿಗೆ ಕಲಿಸಲು ಕೂತರು. ಮೇಲೆ ನೀರಿಲ್ಲ, ಎರಡು ಸೋರೆ ಬುರುಡೆ ತುಂಬಬೇಕು. ಸೆರಗು ಬಿಡಬಾರದು, ಸೊಂಟಕ್ಕೆ ಟವೆಲ್ ಬಿಗಿದು ಕಟ್ಟಬೇಕು. ಗಾಳಿ ಎದ್ದರೆ ನಾಚಿಕೆ ಬಿಟ್ಟು ನೆಲಕ್ಕೆ ಕೂರಬೇಕು. ಕಾಡಿಗೆ ಬೆಂಕಿ ಹರಡದಂತೆ ಮೊದಲೇ ಸುಟ್ಟ ಹುಲ್ಲಿನ ಬೂದಿ ಜಾರುತ್ತದೆ, ಟೈರಿನ ಚಪ್ಪಲಿ ಹಾಕಬೇಕು. ಇಪ್ಪತ್ತಾರು ವರ್ಷದಲ್ಲಿ ಇವರು ನನ್ನೊಂದಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಮುಂದಿನ ವಾರ ಮೀಸೆ ಕತ್ತರಿಸಿಕೊಂಡರು, ಖಾಕಿ ಕೋಟಿಗೆ ಗುಂಡಿ ಹೊಲಿಸಿದರು. ಕಲ್ಲಿಗೆ ಸುಣ್ಣ ಬಳಿಯಲು ಇಷ್ಟು ಸಿಂಗಾರವೇ ಎಂದು ಚುಚ್ಚಿದೆ. ಹೊಟ್ಟೆಕಿಚ್ಚು ಆದದ್ದು ನಿಜ. ಯಾರ ಮೇಲೆ ಎಂದು ಮಾತ್ರ ಸರಿಯಾಗಿ ತಿಳಿಯಲಿಲ್ಲ.

ಹೊರಡುವ ದಿನ ಕೋಳಿ ಕೂಗುವ ಮೊದಲೇ ಎದ್ದು ಕಡುಬು ಬೇಯಿಸಿದೆ. ಹಂದಿಮಾಂಸಕ್ಕೆ ಹುಳಿ ಹದವಾಗಿ ಹಿಡಿದಿತ್ತು, ಉಪ್ಪು ಮೂರು ಸಲ ನೋಡಿದೆ. ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಮೇಲೆ ಅಡಿಕೆ ಹಾಳೆ ಕಟ್ಟಿ, ನಾನೇ ಹೊತ್ತೆ.

ಬಿಸಿಲೇರುವಾಗ ಕಾಡು ಮುಗಿಯಿತು. ಮುಂದೆ ಮರವಿಲ್ಲ, ನೆರಳಿಲ್ಲ, ಕಪ್ಪು ಬೂದಿಯಲ್ಲಿ ಬಿಳಿಯ ಕಲ್ಲುಗಳು. ಇವರು ಒಂದೊಂದಕ್ಕೂ ನಿಂತು ಸುಣ್ಣ ಬಳಿದರು, ಯಾರೂ ಕೇಳದಿದ್ದರೂ ನಾಲ್ಕೂ ಬದಿಗೆ. ಐದನೇ ಮೈಲಿಯಿಂದ ಕುಂಟತೊಡಗಿದರು. ಕತ್ತಿಬೆನ್ನಿನ ಬಾಯಿಗೆ ಬಂದಾಗ ಮೊಣಕಾಲು ಮಡಚಲೂ ಆಗಲಿಲ್ಲ, ನೆಟ್ಟಗಾಗಲೂ ಇಲ್ಲ. ಒಂದು ಬಂಡೆಯ ಮರೆಯಲ್ಲಿ ಕೂತುಬಿಟ್ಟರು.

ಆಚೆ ತುದಿಯಲ್ಲಿ ಕೊನೆಯ ಕಲ್ಲು ಕಾಣುತ್ತಿತ್ತು. ಪಕ್ಕದಲ್ಲಿ ಇಬ್ಬರು. ಒಬ್ಬರದು ಸೀರೆ. ಇವರು ಅದನ್ನೇ ನೋಡಿದರು. ನಾನು ಇವರನ್ನು ನೋಡಿದೆ.

"ನೀ ಹೋಗು," ಎಂದರು. "ಬುತ್ತಿ ಕೊಡಕು. ಯಮುನಂಗೆ ಹೇಳು..."

"ಎಂತ ಹೇಳುದು?"

"ಎಂತ ಇಲ್ಲೆ."

ಕತ್ತಿಬೆನ್ನು ಮಂಚದಷ್ಟು ಅಗಲ, ಅಷ್ಟೇ. ಎಡಕ್ಕೆ ಕೊಡಗು, ಬಲಕ್ಕೆ ಸುಳ್ಯ, ಎರಡು ಕಡೆಗೂ ಕಣ್ಣು ಹಾಯಿಸಬಾರದು. ಎರಡು ಸಲ ಗಾಳಿಗೆ ನೆಲಕ್ಕೆ ಕೂತೆ. ಭಯವಾಯಿತು. ಆದರೂ ಕಾಲು ಓಡುತ್ತಿದ್ದವು.

ಅವಳು ನಾನು ಎಣಿಸಿದ್ದಕ್ಕಿಂತ ಗಿಡ್ಡ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬುತ್ತಿಯನ್ನು ಎದೆಗೆ ಅವುಚಿ ಹಿಡಿದಿದ್ದಳು. "ಹೊನ್ನಮ್ಮ ಅತ್ತಿಗೆಯಾ?" ಎಂದಳು. ಹೌದೆನ್ನುವ ಮೊದಲೇ ಅವಳ ಕಣ್ಣು ನನ್ನ ಹೆಗಲ ಮೇಲಿಂದ ದಾರಿಗೆ ಹೋಗಿ, ಖಾಲಿ ನೋಡಿ, ಮತ್ತೆ ನನ್ನ ಮುಖಕ್ಕೆ ಬಂತು. ಬಂದದ್ದು ಪ್ರೀತಿಯಿಂದಲೇ. ಆದರೆ ಹೋಗಿತ್ತು.

"ಮಧ್ಯಾಹ್ನದ ಗಾಳಿ ಏಳುದರೊಳಗೆ ಇಳಿಯಕು," ಎಂದ ಧರ್ಮಪಾಲ. "ಅರ್ಧ ಗಂಟೆ ಉಟ್ಟು, ಅಷ್ಟೇ."

ನನ್ನ ಬಾಯಿಯಲ್ಲಿ ಇಪ್ಪತ್ತಾರು ವರ್ಷದ ಮಾತಿತ್ತು. ಮೆಂತೆ ಉಂಡೆ ತಿನ್ನುತ್ತ ಎಷ್ಟು ಅತ್ತೆ ಎಂದು ಹೇಳಬೇಕಿತ್ತು. ಅವಳ ಕೈ ಹಿಡಿದುಕೊಂಡೆ, ಒರಟು ಕೈ, ನನ್ನದರಂಥದ್ದೇ. ಹೇಳಿದ್ದು ಬೇರೆಯೇ.

"ಅವರಿಗೆ ಮೊಣಕಾಲು ಆಗ್ತಿಲ್ಲೆ. ಆ ಬಂಡೆ ಮರೇಲಿ ಕೂತವೆ. ನೀನು ಹೋಗಿ ಬಾ."

"ನಾ ನಿಮ್ಮ ನೋಡಕೇ ಬಂದದ್ದು ಅತ್ತಿಗೆ."

"ನೋಡಿ ಆತಲ್ಲ. ಹೋಗು. ಗಾಳಿ ಬಂದರೆ ಕೂತುಬಿಡು."

ಅವಳು ಹೋದಳು. ವಯಸ್ಸಾದವಳು ಹಾಗೆ ನಡೆಯುವುದನ್ನು ನಾನು ಕಂಡಿರಲಿಲ್ಲ, ಒಂದು ಸಲವೂ ಕೂರಲಿಲ್ಲ. ಬಂಡೆಯ ಹತ್ತಿರ ಇವರಿಂದ ಒಂದು ಮಾರು ದೂರದಲ್ಲಿ ಕೂತಳು. ಮಾತಾಡಿದರೋ ಇಲ್ಲವೋ, ಅಷ್ಟು ದೂರಕ್ಕೆ ತಿಳಿಯುವುದಿಲ್ಲ. ಧರ್ಮಪಾಲ ನನಗೆ ನೀರು ಕೊಟ್ಟು, ಸುಮ್ಮನೆ ಸುಣ್ಣ ಕಲಕುತ್ತಿದ್ದ. ನನಗೆ ಅಳು ಬಂತು. ಈ ಲೋಕದಲ್ಲಿ ನನಗೆ ಬೇಕಾದ ಇಬ್ಬರೂ ಆ ಬಂಡೆಯ ಮರೆಯಲ್ಲಿದ್ದರು, ನಾನು ಈಚೆ ಕೂತಿದ್ದೆ, ಕಳಿಸಿದವಳೂ ನಾನೇ.

ಅವಳು ಮರಳುವಾಗ ಗಾಳಿ ಏಳತೊಡಗಿತ್ತು. ಧರ್ಮಪಾಲ ಆಗಲೇ ಡಬ್ಬಿ ಎತ್ತಿಕೊಂಡು ನಿಂತಿದ್ದ. ಬುತ್ತಿಗಳನ್ನು ಅದಲು ಬದಲು ಮಾಡಿಕೊಂಡೆವು.

"ನಿಮ್ಮತ್ರ ಒಂದು ಮಾತಾಡಕೂ ಆತಿಲ್ಲೆ," ಎಂದಳು ಯಮುನ.

"ಬರುವ ವರ್ಷ ಮಾತಾಡುವ," ಎಂದೆ.

ಇವರಿಗೆ ಇನ್ನು ಹತ್ತು ದಿನದಲ್ಲಿ ರಿಟೈರು. ಕಲ್ಲಿಗೆ ಇನ್ನು ಸುಣ್ಣವಿಲ್ಲ, ಯಾರಿಗೂ ಈ ದಾರಿಯ ಕೆಲಸವಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಅಕ್ಕು," ಎಂದು ತಲೆಯಾಡಿಸಿದಳು. ಸೆರಗು ಬಿಗಿದುಕೊಂಡು ಎರಡು ಹೆಜ್ಜೆ ಇಳಿದು, ತಿರುಗಿ ನಿಂತು ಕೇಳಿದಳು. "ಬರುವ ವರ್ಷ ನಿಮ್ಗೆ ಎಂತ ಮಾಡ್ಕಂಡ್ ಬರ್ಲಿ?"

ನಾನು ಯೋಚಿಸಿ, ನೀರುದೋಸೆ ಎಂದೆ.