ಎಡ ಮೊಣಕಾಲಿನ ವೈಭವ

ಬುಧವಾರದ ಡೈರಿಯಲ್ಲಿ ಹೀಗಿದೆ: ‘ಇವತ್ತು ಬಿದ್ದೆ. ಪೆಟ್ಟಾಗಿದ್ದು … ಗೆ. ಸಣ್ಣದೇ ಇರಬೇಕು. ಇಲ್ಲದಿದ್ದರೆ?’ ಡೈರಿಗೆ ಬೀಗವಿದೆ, ಓದುವವಳು ನಾನೊಬ್ಬಳೇ. ಆದರೂ ಆ ಜಾಗದಲ್ಲಿ ಮೂರು ಚುಕ್ಕಿ ಇಟ್ಟಿದ್ದೇನೆ. ಜೀವಶಾಸ್ತ್ರದಲ್ಲಿ ಪದವಿ ಪಡೆದ ಮಹಾತಾಯಿ ನಾನು.

ವಿಮಾ ಕಚೇರಿಯಲ್ಲಿ ಬೇರೆಯವರ ಅಪಘಾತಗಳನ್ನು ಓದುವುದು ನನ್ನ ಕೆಲಸ. ‘ಬಿದ್ದು ನೋವಾಯಿತು’ ಎಂದಷ್ಟೇ ಬರೆದ ಅರ್ಜಿ ಸಿಕ್ಕರೆ ‘ಯಾವ ಅಂಗ? ಯಾವ ಬದಿ? ಸ್ಪಷ್ಟಪಡಿಸಿ’ ಎಂದು ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕಳಿಸುತ್ತೇನೆ. ಬಾಯಿಸತ್ತವಳು ಎಂದು ಹೆಸರಾದವಳ ಕೈಗೆ ಕೆಂಪು ಪೆನ್ನು ಸಿಕ್ಕರೆ ಎಷ್ಟು ಜೋರು!

ಆ ದಿನ ಹಳೆಯ ಕಡತ ತೆಗೆದು ಸ್ಟೂಲಿನಿಂದ ಇಳಿಯುವಾಗ ಕಾಲು ಜಾರಿತು. ಬೀರುವಿನ ಕೆಳಗಿನ ಡ್ರಾಯರನ್ನು ಹೊರಕ್ಕೆ ಎಳೆದು ಹಾಗೇ ಬಿಟ್ಟಿದ್ದೆ. ಒಂದು ಕಾಲು ಆಚೆ, ಒಂದು ಕಾಲು ಈಚೆ, ನಡುವೆ ಕಬ್ಬಿಣದ ಅಂಚು. ಕಣ್ಣಿಗೆ ಕತ್ತಲೆ ಕವಿಯಿತು. ಹೆಡ್ ಗುಮಾಸ್ತರು ಓಡಿಬಂದರು.

“ಎಲ್ಲಿಗೆ ಬಿತ್ತಮ್ಮಾ ಪೆಟ್ಟು?”

“ಮೊಣಕಾಲಿಗೆ, ಸಾರ್.”

“ಯಾವ ಮೊಣಕಾಲಿಗೆ?”

“ಎಡಗಡೇದಕ್ಕೆ.”

ನಮ್ಮ ಕಚೇರಿಯ ತರಬೇತಿಯೇ ಅಂಥದು. ಸುಳ್ಳಿಗೂ ಒಂದು ಬದಿ ಇರಬೇಕು.

ಅಲ್ಲಿಂದ ನನ್ನ ಎಡ ಮೊಣಕಾಲು ಮೆರೆಯತೊಡಗಿತು. ಅದಕ್ಕೆ ಕುರ್ಚಿ, ಅದಕ್ಕೆ ದಿಂಬು, ಅದಕ್ಕೆ ಮಂಜುಗಡ್ಡೆ. ಮಂಜುಗಡ್ಡೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶೌಚಾಲಯಕ್ಕೆ ಓಡಿದೆ. ಸೇರಬೇಕಾದಲ್ಲಿಗೆ ಅದನ್ನು ಸೇರಿಸಿದ್ದು ಅಲ್ಲೇ. ಸ್ವಲ್ಪ ತರಚಿತ್ತು. ಶುದ್ಧ ಬಟ್ಟೆ ಒತ್ತಿ ಹಿಡಿದಾಗ ರಕ್ತ ನಿಂತಿತು. ಫೋನಿನಲ್ಲಿ ಓದಿದೆ: ಬಟ್ಟೆ ಸುತ್ತಿದ ತಂಪು ಹತ್ತು ನಿಮಿಷ ಇಡಿ, ಬರೀ ನೀರಿನಿಂದ ತೊಳೆಯಿರಿ, ಸೋಪು ಬೇಡ, ಸಡಿಲ ಹತ್ತಿಬಟ್ಟೆ ಧರಿಸಿ, ಮೂತ್ರ ಮಾಡುವಾಗ ಉರಿದರೆ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳಿ. ಕೊನೆಯಲ್ಲಿ ಇನ್ನೊಂದು ಸಾಲು: ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಊತ ಬೆಳೆಯುತ್ತಿದ್ದರೆ, ಮೂತ್ರ ಹೋಗದಿದ್ದರೆ ಕಾಯಬೇಡಿ, ಕೂಡಲೇ ವೈದ್ಯರಲ್ಲಿಗೆ ಹೋಗಿ. ಅಲ್ಲಿಗೆ ಫೋನು ಮುಚ್ಚಿಟ್ಟೆ. ಮುಚ್ಚಿಟ್ಟವರಿಗೆ ಅದು ಅನ್ವಯಿಸುವುದಿಲ್ಲವೇನೋ ಎಂಬಂತೆ.

ಮನೆಯಲ್ಲಿ ದೊಡ್ಡಮ್ಮ. ಆಕೆಗೆ ಹದಿನೈದು ವರ್ಷದಿಂದ ಮೊಣಕಾಲು ನೋವು, ಕೇಳುವವರಿಗೆ ಹದಿನೈದು ವರ್ಷದಿಂದ ತಲೆನೋವು. ನನ್ನ ಸುದ್ದಿ ಕೇಳಿ ಆಕೆಯ ಮುಖ ಅರಳಿತು.

“ನಮ್ಮ ವಂಶದ ಮೊಣಕಾಲೇ ಹಾಗೆ ಕಣೇ! ನಿಮ್ಮಮ್ಮಂಗೆ ಹೇಳಿದ್ರೆ ನಗ್ತಾಳೆ. ಬಾ ಇಲ್ಲಿ, ಕಾಲು ಚಾಚು.”

ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಮಡಿಸಿ, ಬಿಡಿಸಿ, ಆ ನಿರಪರಾಧಿ ಕೀಲನ್ನು ಅರ್ಧ ಗಂಟೆ ಗೋಳಾಡಿಸಿದಳು. ನಾನು ಹಲ್ಲು ಕಚ್ಚಿಕೊಂಡೆ. ಕಾಲು ಬಿಡಿಸಿದಾಗೆಲ್ಲ ಜೀವ ಹೋಗುತ್ತಿದ್ದುದು ಮಾತ್ರ ನಿಜ.

“ನೋಡಿದ್ಯಾ, ಕೀಲಲ್ಲೇ ಇದೆ ನೋವು!” ಎಂದು ಹಿಗ್ಗಿದಳು.

ಗುರುವಾರ ರಜೆ ಹಾಕಿದೆ. ಸಂಜೆಯ ಹೊತ್ತಿಗೆ ಊತ ನಿಂಬೆಹಣ್ಣಿನಷ್ಟಾಗಿ ನೀಲಿಗಟ್ಟಿತ್ತು. ಹೊಟ್ಟೆಯ ಕೆಳಗೆ ಬಿಗಿದು ತುಂಬಿತ್ತು. ನಲ್ಲಿ ಬಿಟ್ಟುಕೊಂಡು ಮೂರು ಸಲ ಕೂತೆ, ಒಂದು ಹನಿಯೂ ಬರಲಿಲ್ಲ. ಮುಚ್ಚಿಟ್ಟ ಸಾಲು ಮೈಯೊಳಗೇ ಬಂದು ಕೂತಿತ್ತು.

“ದೊಡ್ಡಮ್ಮಾ, ಡಾಕ್ಟರ್ ಹತ್ರ ಹೋಗೋಣ.”

“ಮೊದಲೇ ಅಂದೆ ನಾನು!” ಎಂದು ಆಕೆ ಆಗಲೇ ಚಪ್ಪಲಿ ಮೆಟ್ಟಿದ್ದಳು. ತನ್ನ ಹಳೆಯ ಎಕ್ಸ್‌ರೇಗಳನ್ನೂ ಜೊತೆಗೆ ತಂದಳು.

ಕ್ಲಿನಿಕ್ಕಿನಲ್ಲಿ ನನ್ನ ಪರವಾಗಿ ದೊಡ್ಡಮ್ಮನದೇ ಭಾಷಣ. ಡಾಕ್ಟರಮ್ಮ ಪಟ್ಟಿ ಬಿಚ್ಚಿ ಮೊಣಕಾಲನ್ನು ಅತ್ತ ಇತ್ತ ತಿರುಗಿಸಿದರು. “ಊತ ಇಲ್ಲ, ಬಿಸಿ ಇಲ್ಲ. ಇಲ್ಲಿ ಒತ್ತಿದ್ರೆ ನೋವಾಗುತ್ತಾ?”

“ಆಗುತ್ತೆ ಡಾಕ್ಟರೇ, ಸಿಕ್ಕಾಪಟ್ಟೆ,” ಎಂದಳು ದೊಡ್ಡಮ್ಮ.

“ನಿಮ್ಮನ್ನ ಕೇಳಿಲ್ಲಮ್ಮ.” ಡಾಕ್ಟರು ನನ್ನ ಮುಖ ನೋಡಿದರು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. “ಸರಿ, ಎರಡು ದಿನದ ಮಾತ್ರೆ ಬರೀತೀನಿ. ಚೆನ್ನಾಗಿ ನೀರು ಕುಡಿಯಮ್ಮ.”

ನೀರು! ಚೀಟಿಯ ಮೇಲೆ ಪೆನ್ನು ಓಡತೊಡಗಿತು. ಆ ಚೀಟಿ ಹಿಡಿದು ಹೊರಬಿದ್ದರೆ ಮುಗಿಯಿತು, ನನ್ನ ಮಾನ ಉಳಿಯುತ್ತದೆ, ನಾನು ಸಿಡಿಯುತ್ತೇನೆ.

“ಡಾಕ್ಟರೇ, ಬರೀಬೇಡಿ,” ಎಂದೆ. ದನಿ ಹೊರಗಿನ ಬೆಂಚಿನವರೆಗೂ ಹೋಗಿರಬೇಕು. “ಮೊಣಕಾಲಿಗೆ ಏನೂ ಆಗಿಲ್ಲ. ಪೆಟ್ಟು ಬಿದ್ದಿರೋದು ಯೋನಿಗೆ, ಹೊರಗಿನ ತುಟಿಗೆ. ಊದ್ತಾನೇ ಇದೆ. ಬೆಳಗ್ಗೆಯಿಂದ ಮೂತ್ರ ಹೋಗಿಲ್ಲ.”