ಎಡಬದಿಯ ಕಣಿವೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಗಂಡ ಶಾಮಸುಂದರ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೇಳಲಿ. ಆ ಚಳಿಗಾಲ ನನ್ನ ಜಾಗದಲ್ಲಿ ಯಾರಿದ್ದರೂ ಅವರಿಗೂ ಸಿಟ್ಟು ಬರುತ್ತಿತ್ತು.

ಇವರಿಗೆ ಅಬುಧಾಬಿಯ ಆಚೆ, ರುವೈಸಿನ ರಿಫೈನರಿಯಲ್ಲಿ ಕೆಲಸ. ವಾರವಿಡೀ ಅಲ್ಲೇ ಕಂಪನಿಯ ಕ್ವಾರ್ಟರ್ಸು, ಶುಕ್ರವಾರ ಸಂಜೆ ಕಾರು ಹತ್ತಿದರೆ ರಾತ್ರಿಯೂಟಕ್ಕೆ ದುಬೈಯ ಮಿರ್ದಿಫಿನ ನಮ್ಮ ಫ್ಲ್ಯಾಟು. ನಾನು ಇಲ್ಲೊಂದು ಶಾಲೆಯ ಆಫೀಸಿನಲ್ಲಿದ್ದೇನೆ. ಮಗಳು ನಿಖಿತಾ ಹನ್ನೊಂದನೆಯ ಕ್ಲಾಸು. ಅವಳು ಕಾಲೇಜಿಗೆಂದು ಹೊರಟುಹೋದರೆ ಮತ್ತೆ ಮೂವರು ಒಟ್ಟಿಗೆ ಇರುವುದು ಯಾವ ಕಾಲಕ್ಕೋ ಎಂಬ ಚಿಂತೆ ಇವರಿಗೆ. ಅದಕ್ಕೆ ಕಂಡುಹಿಡಿದ ಮದ್ದು ಮೌಂಟನ್ ಬೈಕ್, ಅಂದರೆ ಬೆಟ್ಟ ಹತ್ತುವ ಸೈಕಲ್. ಹತ್ತಾ ಎಂಬ ಬೆಟ್ಟದೂರಿನಿಂದ ಹೊರಟು, ಬೆಟ್ಟದ ಕಲ್ಲುದಾರಿ ಹಿಡಿದು, ಮೂರು ದಿನದಲ್ಲಿ ಕಲ್ಬಾದ ಕಡಲು ಮುಟ್ಟುವುದು. ಗೋವಾಕ್ಕೋ ಜಾರ್ಜಿಯಾಕ್ಕೋ ಕರೆದುಕೊಂಡು ಹೋಗುವ ಗಂಡಂದಿರೂ ಇದ್ದಾರೆ. ನನಗೆ ಸಿಕ್ಕಿದ್ದು ಇವರು.

ಶನಿವಾರ ಬೆಳಿಗ್ಗೆ ಮುಶ್ರಿಫ್ ಪಾರ್ಕಿನಲ್ಲಿ ತರಬೇತಿ. ಇವರೇ ಲೀಡರು. "ನನ್ನ ಚಕ್ರದ ಗುರುತು ಬಿಟ್ಟು ಆಚೆ ಈಚೆ ಹೋಗ್ಬಾರ್ದು" ಎಂಬುದು ಮೊದಲ ಕಾನೂನು. ಇವರ ಹಿಂದೆ ನಿಖಿತಾ, ಅವಳ ಹಿಂದೆ ಏದುಸಿರು ಬಿಡುತ್ತಾ ನಾನು. ಬೆಟ್ಟದಲ್ಲಿ ಬೈಕಿನಿಂದ ಇಳಿಯದೆ ನೀರು ಕುಡಿಯಬೇಕಂತೆ, ಅದಕ್ಕೆ ಪಕ್ಕದಲ್ಲಿ ಬೈಕ್ ಓಡಿಸುತ್ತಲೇ ಬಾಟಲಿ ಕೈಬದಲಿಸುವ ಅಭ್ಯಾಸ. ನಾನು ಕಷ್ಟಪಟ್ಟು ಇವರ ಎಡಕ್ಕೆ ಬಂದು ಬಾಟಲಿ ಚಾಚಿದರೆ, ಪುಣ್ಯಾತ್ಮ ತಿರುಗಿಯೂ ನೋಡಲಿಲ್ಲ.

"ಹಿಡೀರಿ ಮಾರಾಯ್ರೆ! ನನ್ನ ಕೈ ಬಿದ್ದು ಹೋಗ್ತದೆ."

"ಎಲ್ಲಿ ಕೊಟ್ಟೆ ನೀನು? ಸುಮ್ನೆ ಬೊಬ್ಬೆ ಹಾಕ್ಬೇಡ."

ಇನ್ನೊಂದು ವಾರ ಘಾಫ್ ಮರದ ಕೊಂಬೆಗೆ ಎಡಭುಜ ತರಚಿಕೊಂಡರು. ಪಾರ್ಕಿಂಗಿನಲ್ಲಿ ಕಾರಿನ ಎಡಗನ್ನಡಿಯನ್ನು ಕಂಬಕ್ಕೆ ಕೊಟ್ಟರು. ಮನೆಯಲ್ಲಿ ಪಕ್ಕದಲ್ಲಿಟ್ಟ ಚಹಾ ಚೆಲ್ಲಿದರು. ನಾನು ಬಿಡುತ್ತೇನಾ? "ಕಣ್ಣು ಕಾಣುದಿಲ್ವಾ ನಿಮಗೆ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಕಂಪನಿಯ ಮೆಡಿಕಲ್‌ನಲ್ಲಿ ಕೊನೇ ಸಾಲಿನ ಅಕ್ಷರ ಓದಿದವ ನಾನು. ನಿನಗೆ ಓದ್ಲಿಕ್ಕೆ ಆಗ್ತದಾ?"

ಪ್ರಯಾಣಕ್ಕೆ ಎರಡು ವಾರವಿರುವಾಗ ಕೊನೆಯ ರಿಹರ್ಸಲ್‌ ಎಂದು ಹತ್ತಾಕ್ಕೇ ಹೋದೆವು. ಬೈಕು ಒಂದೇ ಹೋಗುವಷ್ಟು ದಾರಿ. ಬಲಕ್ಕೆ ಬಂಡೆ, ಎಡಕ್ಕೆ ಕಣಿವೆ. ನಾನು ಬಂಡೆಯ ಕಡೆಗೇ ನೋಡುತ್ತಾ ಹೋದೆ. ಮುಂದೆ ಇವರು, ಇವರ ಗುರುತಿನ ಮೇಲೆ ಮಗಳು. ಒಂದು ತಿರುವಿನಲ್ಲಿ ಗಾಳಿ ರಪ್ಪನೆ ಎದ್ದು ಧೂಳು ಎರಚಿತು. ಇವರು ಬ್ರೇಕ್ ಹಿಡಿದು, ಕಾಲೂರಿ ನಿಂತು, ಬಲಗಣ್ಣು ಉಜ್ಜತೊಡಗಿದರು. ಆಮೇಲೆ ನನ್ನ ಹೆಸರು ಕರೆದರು. ಆ ಸ್ವರ ನಾನು ಅವರಿಂದ ಯಾವತ್ತೂ ಕೇಳಿದ್ದಲ್ಲ.

"ಹರಿಣಾ... ಇಲ್ಲಿ ಬಾ."

ನಿಖಿತಾಳನ್ನು ಅಲ್ಲೇ ನಿಲ್ಲಲು ಹೇಳಿ, ಬೈಕನ್ನು ಬಂಡೆಗೆ ಒರಗಿಸಿ ಓಡಿದೆ. ಬಲಗಣ್ಣು ಮುಚ್ಚಿಕೊಂಡೇ ಇದ್ದರು. ಎಡಗಣ್ಣು ಪೂರ್ತಿ ತೆರೆದು ನನ್ನನ್ನೇ ನೋಡುತ್ತಿದ್ದರು.

"ಪೈಪಿನಲ್ಲಿ ನೋಡಿದ ಹಾಗೆ ಆಗ್ತದೆ. ನಿನ್ನ ಮುಖ ಮಾತ್ರ ಕಾಣ್ತದೆ. ನಿನ್ನ ಕೈ ಎಲ್ಲುಂಟು?"

ನನ್ನ ಕೈ ಅವರ ಎಡಭುಜದ ಹತ್ತಿರ, ಗಾಳಿಯಲ್ಲಿತ್ತು. ಬೆರಳು ಆಡಿಸಿದೆ. ಕೈಬೀಸಿದೆ. ಅವರ ಕಣ್ಣು ಮಿಸುಕಲಿಲ್ಲ.

ನೀರು ಹಾಕಿ ತೊಳೆದ ಮೇಲೆ ಎರಡೂ ಕಣ್ಣು ಬಿಟ್ಟು, ಏನೂ ಆಗದವರ ಹಾಗೆ ನಕ್ಕರು. "ಧೂಳು ಅಷ್ಟೆ. ಯಲ್ಲಾ, ಹೋಗುವ." ನಾನು ನೆಲ ನೋಡಿದೆ. ಇವರ ಚಕ್ರದ ಗುರುತು ಅಂಚಿನಿಂದ ಒಂದು ಗೇಣು ಕೂಡ ದೂರವಿರಲಿಲ್ಲ. ಅದರ ಮೇಲೆಯೇ, ಚೂರೂ ತಪ್ಪದೆ, ಮಗಳ ಚಕ್ರದ ಗುರುತು. ಅಯ್ಯೋ ದೇವರೇ! ಹೇಳಿದ ಮಾತು ಕೇಳುವ ಮಗಳು ಅಂತ ನಾನೇ ಎಲ್ಲರ ಹತ್ತಿರ ಹೊಗಳುತ್ತಿದ್ದೆ.

"ವಾಟ್ ಹ್ಯಾಪನ್ಡ್ ಮಮ್ಮಿ?" ಎಂದು ಅವಳು ಅಲ್ಲಿಂದಲೇ ಕೂಗಿದಳು. "ಪಪ್ಪನ ಕಣ್ಣಿಗೆ ಧೂಳು ಹೋಯ್ತು" ಎಂದೆ. ಬೈಕು ತಳ್ಳಿಕೊಂಡೇ ಕೆಳಗಿಳಿದೆವು. ಕಾರಿನ ಹತ್ತಿರ ಬಂದು ಕೀ ಕಸಿದುಕೊಂಡೆ. ಹುಚ್ಚು ಹಿಡಿದಿದೆಯಾ ಎಂದರು, ಮರ್ಯಾದೆ ತೆಗೆಯುತ್ತೀಯಾ ಎಂದರು. "ಡಾಕ್ಟ್ರು ನೋಡುವವರೆಗೆ ಮಾತ್ರ" ಎಂಬ ಷರತ್ತಿನ ಮೇಲೆ ಮುಖ ಊದಿಸಿಕೊಂಡು ಪಕ್ಕದ ಸೀಟಿನಲ್ಲಿ ಕುಳಿತರು. ದುಬೈವರೆಗೂ ನಾನೇ ಓಡಿಸಿದೆ.

ಮರುದಿನ ಕಣ್ಣಿನ ಡಾಕ್ಟರ್ ಐಸಮ್ಮ ಅವರ ಹತ್ತಿರ ಹೋದೆವು. ಉಳ್ಳಾಲದವರು, ನಮ್ಮ ಮಾತಿನವರೇ. ನಿಖಿತಾ ಹೊರಗೆ ಮೊಬೈಲ್ ಹಿಡಿದು ಕುಳಿತಳು. ಇವರನ್ನು ಬೋಗುಣಿಯಂಥ ಒಂದು ಬಿಳಿ ಯಂತ್ರದ ಎದುರು ಕೂರಿಸಿ, ಗದ್ದ ಅದರ ಅಂಚಿಗೆ ಇಡಿಸಿ, ಕೈಗೊಂದು ಗುಂಡಿ ಕೊಟ್ಟರು. ಎದುರಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ನಾನು ಹಿಂದೆ ಸ್ಟೂಲಿನಲ್ಲಿದ್ದೆ. ಬಲಗಣ್ಣಿನ ಸರದಿಯಲ್ಲಿ ಟಿಕ್ ಟಿಕ್ ಎಂದು ಗುಂಡಿಯ ಸದ್ದು ಕೇಳುತ್ತಿತ್ತು, ನಡುನಡುವೆ ಬಿಟ್ಟು ಹೋಗುತ್ತಿತ್ತು. ಎಡಗಣ್ಣಿಗೆ ಬಂದಾಗ ಒಂದೆರಡು ಟಿಕ್. ಆಮೇಲೆ ಸದ್ದೇ ಇಲ್ಲ.

"ನಿಲ್ಲಿಸಿದ್ರಾ ಡಾಕ್ಟ್ರೆ?" ಎಂದು ಕೇಳಿದರು ಇವರು.

"ಇಲ್ಲ, ನಡೀತಾ ಉಂಟು," ಎಂದರು ಐಸಮ್ಮ.

ನಾನು ಸ್ಟೂಲಿನಿಂದ ಎದ್ದು ನಿಂತೆ.

ಗ್ಲಾಕೋಮಾ ಎಂದರು. ನೋವಿಲ್ಲ, ಕೆಂಪಾಗುವುದಿಲ್ಲ. ಬದಿಯ ನೋಟವನ್ನು ಮೊದಲು ತಿನ್ನುತ್ತದೆ, ನಡುವಿನದ್ದನ್ನು ಕೊನೆಗೆ. ಅದಕ್ಕೇ ಅಕ್ಷರ ಓದಲು ಆಗುತ್ತಿತ್ತು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಂಡು ಹೋದದ್ದರಿಂದ ಅವರಿಗೇ ಗೊತ್ತಾಗಿಲ್ಲ. ಹೋದದ್ದು ಹೋಯಿತು, ಉಳಿದದ್ದನ್ನು ಮದ್ದು ಹಾಕಿ ಕಾಪಾಡಿಕೊಳ್ಳಬೇಕು. ಬಲಗಣ್ಣಿನಲ್ಲೂ ಶುರುವಾಗಿದೆ.

"ಡ್ರೈವಿಂಗ್ ಮಾಡ್ತೀರಾ?"

ರುವೈಸಿನ ಹೆದ್ದಾರಿ, ಪ್ರತಿ ವಾರ, ಎಡಗಡೆಯಿಂದ ಗುಂಡಿನ ಹಾಗೆ ಬರುವ ಗಾಡಿಗಳು. ನೆನೆಸಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡೆ. ಇವರಿಗೆ ಮಾತ್ರ ಏನೂ ತಟ್ಟಲಿಲ್ಲ. "ಮದ್ದು ಹಾಕ್ತೇನೆ ಡಾಕ್ಟ್ರೆ. ಆದ್ರೆ ಎರಡು ವಾರದಲ್ಲಿ ನಮಗೊಂದು ಟ್ರಿಪ್ ಉಂಟು. ಅದೊಂದು ಮುಗೀಲಿ. ಮುಂದೆ ಹೋಗುವವ ನಾನೇ ಅಲ್ವಾ, ದಾರಿ ಗೊತ್ತಿರುದು ನನಗೆ ಮಾತ್ರ."

ನನಗೆ ತಲೆ ಕೆಟ್ಟಿತು. "ಖಲಾಸ್! ನಾನೂ ಬರುದಿಲ್ಲ, ಮಗಳನ್ನೂ ಕಳಿಸುದಿಲ್ಲ. ಬೇಕಾದ್ರೆ ನೀವೊಬ್ಬರೇ ಹೋಗಿ ಬೀಳಿ!" ಎಂದು ಡಾಕ್ಟರ ಎದುರೇ ಕಿರುಚಿದೆ.

"ಇಷ್ಟು ಸಣ್ಣದಕ್ಕೆ ಯಾಕೆ ಬೊಬ್ಬೆ ಹೊಡೀತಿ? ನನಗೆ ಕಾಣ್ತದೆ," ಎಂದರು.

ಐಸಮ್ಮ ನಮ್ಮ ಜಗಳಕ್ಕೆ ಬರಲಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ ಎಂದು ಕೇಳಿದರು. ಇವರು ಹೇಳಿದರು: "ಅಮ್ಮ ಕೊನೆಗೆ ಗೋಡೆ ಹಿಡ್ಕೊಂಡು ನಡೀತಿದ್ರು. ಪ್ರಾಯ ಆಯ್ತಲ್ಲ ಅಂತ ನಾವು..."

"ಹಾಗಾದ್ರೆ ಮಗಳದ್ದೂ ಒಮ್ಮೆ ನೋಡುವ," ಎಂದರು ಡಾಕ್ಟರು. "ರಕ್ತದಲ್ಲಿ ಬರುವ ಕಾಯಿಲೆ ಇದು."

ಈ ಒಂದು ಮಾತು ನನ್ನ ಎಲ್ಲ ಕಿರುಚಾಟಕ್ಕಿಂತ ಹೆಚ್ಚು ಕೆಲಸ ಮಾಡಿತು. ಇವರ ಮುಖದಲ್ಲಿ ರಕ್ತವೇ ಇಲ್ಲ. ನಿಖಿತಾ ಒಳಗೆ ಬಂದು ನಗುತ್ತಲೇ ಯಂತ್ರದ ಎದುರು ಕುಳಿತಳು. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಳೆ ಚರ್ಮಕ್ಕೆ ಒತ್ತುತ್ತಿದ್ದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಟಿಕ್. ಟಿಕ್. ಟಿಕ್. ಒಂದು ತಡವಾದರೆ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. "ಒತ್ತಿದ್ಲಾ?" ಎಂದು ಇವರು ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ಒತ್ತಿದಳು, ಪ್ರತಿ ಸಲವೂ ಒತ್ತಿದಳು. ಎರಡೂ ಕಣ್ಣು ಮುಗಿದ ಮೇಲೆ ಐಸಮ್ಮ ನಮ್ಮ ಕಡೆ ತಿರುಗಿ, "ಚೆನ್ನಾಗುಂಟು. ವರ್ಷಕ್ಕೊಮ್ಮೆ ಕರ್ಕೊಂಡು ಬನ್ನಿ," ಎಂದರು. ನನಗೆ ಅಳು ಬಂತು.

ನಿಖಿತಾ ಎದ್ದು ಬಂದಳು. "ದಟ್ ವಾಸ್ ಸೋ ಈಜಿ! ಪಪ್ಪ, ನಿಮಗೆ ಎಷ್ಟು ಮಿಸ್ ಆಯ್ತು?"

ಇವರು ಏನಾದರೂ ಜಂಬ ಕೊಚ್ಚುತ್ತಾರೆ ಎಂದುಕೊಂಡೆ.

"ತುಂಬ ಮಿಸ್ ಆಯ್ತು ಮಗಾ," ಎಂದರು. "ನಿನ್ನೆ ಆ ಬೆಟ್ಟದಲ್ಲಿ ಎಡಗಡೆ ಕಣಿವೆ ಇತ್ತಲ್ಲ, ಅದು ನನಗೆ ಸರಿಯಾಗಿ ಕಂಡಿರ್ಲೇ ಇಲ್ಲ."

ಅವಳ ನಗು ನಿಂತಿತು. ನನ್ನನ್ನು ನೋಡಿದಳು, ಮತ್ತೆ ಅಪ್ಪನನ್ನು.

"ಬಟ್ ಪಪ್ಪ," ಎಂದಳು ಮೆಲ್ಲಗೆ, "ಐ ವಾಸ್ ರೈಟ್ ಬಿಹೈಂಡ್ ಯೂ."

"ಹೌದು ಮಗಾ," ಎಂದರು ಇವರು. ಅಷ್ಟು ಹೇಳಿ, ಡಾಕ್ಟರನ್ನೂ ಲೆಕ್ಕಿಸದೆ, ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಮಕ್ಕಳ ಹಾಗೆ ಬಿಕ್ಕಿದರು.