ಬಾಲಕೃಷ್ಣನಿಗೊಂದು ಚೀಲ

ಮಥುರಾಬಾಯಿಯವರ ಎಡ ಎದೆಯಲ್ಲಿ ಗಂಟಾಗಿತ್ತು. ಅದನ್ನು ಕೊಯ್ದು ತೆಗೆಯಲು ಮಿರಜದ ಡಾಕ್ಟರು ಹಿಂದೊಮ್ಮೆ ಕೊಟ್ಟ ದಿನ ರೈಲು ಮುಷ್ಕರಕ್ಕೆ ಆಹುತಿಯಾಗಿತ್ತು. ಈಗ ಮುಷ್ಕರ ಮುಗಿದು ಗಾಡಿಗಳು ಓಡತೊಡಗಿದ್ದವು. ಡಾಕ್ಟರು ಬರುವ ಮಂಗಳವಾರ ಎಂದಿದ್ದರು. ಹೋಗದಿರಲು ಮಥುರಾಬಾಯಿಯವರಿಗೆ ಹೊಸ ಕಾರಣ ಬೇಕಾಯಿತು. ಸಿಕ್ಕಿತು: ತಕ್ಕ ಚೀಲವಿಲ್ಲ.

ಚೀಲ ಸೀರೆಗಳಿಗಲ್ಲ. ಸೀರೆಯ ಟ್ರಂಕು ರೈಲು ಸ್ಟೇಶನ್ನಿನವರೆಗಿನ ಬಸ್ಸಿನ ಟಾಪಿಗೆ ಹೋಗುತ್ತದೆ. ಚೀಲ ಬೇಕಾದದ್ದು ಅತ್ತೆಯಿಂದ ಬಂದ, ಹೆಬ್ಬೆರಳುದ್ದದ ಹಿತ್ತಾಳೆಯ ಬಾಲಕೃಷ್ಣನಿಗೆ. ದಿನಾ ಮಡಿಯಲ್ಲಿ ಅವನಿಗೆ ಎರೆದು, ಹಾಲು-ಸಕ್ಕರೆ ತೋರಿಸಿ, ಡಬ್ಬಿಯಲ್ಲಿ ಮಲಗಿಸದೆ ಮಥುರಾಬಾಯಿಯವರು ತುತ್ತು ಮುಟ್ಟುವವರಲ್ಲ. ಮುನವಳ್ಳಿಯ ವಾರಗಿತ್ತಿ ಭಾಗೀರಥಿಬಾಯಿ ತಾನು ಇಟ್ಟುಕೊಳ್ಳುತ್ತೇನೆಂದಿದ್ದಳು. "ಆಕಿ ಕೂಸಿಗೆ ತಣ್ಣೀರು ಹಾಕತಾಳ" ಎಂಬ ಒಂದೇ ಮಾತಿಗೆ ಅದು ಬಿದ್ದುಹೋಯಿತು. ಮಗ ನೀಲಕಂಠನ ಕೈಗೆ ಕೊಡುವ ಪ್ರಶ್ನೆಯೇ ಇಲ್ಲ. ಸಾಲಿ ಮಾಸ್ತರನಾದರೂ ಅವನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಉಳ್ಳಾಗಡ್ಡಿ ಭಜಿ ತಿನ್ನುವುದು ಸವದತ್ತಿಗೆಲ್ಲ ಗೊತ್ತು.

ಹೀಗೆ ಶನಿವಾರ ತಾಯಿ, ಮಗ ಬಜಾರದಲ್ಲಿ ಮಹಾಂತಪ್ಪನ ಚೀಲದ ಅಂಗಡಿಯಲ್ಲಿ ಕುಳಿತಿದ್ದರು. ಅಳತೆಗೆಂದು ಖಾಲಿ ಡಬ್ಬಿಯೂ ಬಂದಿತ್ತು.

ಮಹಾಂತಪ್ಪ ವಿಮಾನದ ಚಿತ್ರವಿದ್ದ ಕೈಚೀಲ ಇಳಿಸಿದ. "ಇದು ತೊಡಿಮ್ಯಾಲ ಚಂದ ಕೂಡತೈತ್ರಿ ಬಾಯಾರ."

ಮಥುರಾಬಾಯಿಯವರು ಮೂಸಿ ನೋಡಿದರು. "ತೊಗಲದ್ದದ."

"ರೆಕ್ಸಿನ್ ರೀ. ಒಂದ ದನಾನೂ ಸತ್ತಿಲ್ಲ."

"ಸತ್ತಿಲ್ಲಂದ್ರ ಈ ವಾಸನಿ ಯಾತರದು?"

ಮಹಾಂತಪ್ಪ ಖಾಕಿ ಕ್ಯಾನ್ವಾಸಿನ ಚೀಲ ತೆಗೆದ, ಎರಡು ಪಟ್ಟಿಗಳಿದ್ದವು. "ಮಿಲಿಟರಿಯವರು ಹಾಕ್ಕೋತಾರಲ್ರಿ, ಅಂಥಾದ್ದು. ಬೆನ್ನಿಗೇರಿಸಿದ್ರ ಎರಡೂ ಕೈ ಖಾಲಿ."

"ದೇವರಿಗೆ ಬೆನ್ನ ಮಾಡಿ ಹೋಗಲೇನು? ಹಿಂದ ಕೂಸಿಗೆ ಏನರ ಆದ್ರ ನನಗ ಹ್ಯಾಂಗ ತಿಳೀಬೇಕು?"

"ಹಂಗಾರ ಮುಂದ ಹಾಕ್ಕೋರಿ."

ನೀಲಕಂಠ ಹಾಗೆಯೇ ಹಾಕಿಕೊಂಡು ತೋರಿಸಿದ.

"ಮಾಸ್ತರಿಗೆ ಏಳ ತಿಂಗಳು ತುಂಬೇತಿ ನೋಡ್ರಿ!" ಎಂದ ಮಹಾಂತಪ್ಪ.

ಮಥುರಾಬಾಯಿಯವರು ಸೆರಗು ಬಾಯಿಗೊತ್ತಿ ನಕ್ಕರು. ಮನೆಯಲ್ಲಿ ಈ ನಗೆ ಕೇಳಿ ಬಹಳ ದಿನವಾಗಿತ್ತು. "ತಾ ಇಲ್ಲೆ, ನಾನೂ ನೋಡತೀನಿ" ಎಂದು ಡಬ್ಬಿಯನ್ನು ಒಳಗಿಟ್ಟು ತಾವೇ ಹಾಕಿಕೊಂಡರು. ನೀಲಕಂಠ ಪಟ್ಟಿ ಎಳೆದ.

ನಗೆ ನಿಂತಿತು. ಅವರು ಉಸಿರು ಹಿಡಿದು, ಎರಡೂ ಕೈಯಿಂದ ಚೀಲವನ್ನು ಎದೆಯಿಂದ ಆಚೆ ತಳ್ಳಿ ಹಿಡಿದರು. ಮಹಾಂತಪ್ಪ ಬೆನ್ನು ತಿರುಗಿಸಿ, ಧೂಳಿಲ್ಲದ ಸೂಟ್‌ಕೇಸೊಂದರ ಧೂಳು ಒರೆಸತೊಡಗಿದ.

"ನೋವಿಲ್ಲ ಅಂದಿದ್ದಿಯಲ್ಲ ಅವ್ವಾ?"

"ಪಟ್ಟಿ ಬಿಗಿ ಆತು."

ನೀಲಕಂಠ ಪಟ್ಟಿ ಬಿಚ್ಚಿದ. ತಾಯಿಯ ಮುಖದ ಬಿಗಿ ಹಾಗೇ ಇತ್ತು. "ಯಾವಾಗಿಂದ?"

"ಯುಗಾದಿ ಮುಂದ ಎಣ್ಣಿ ಹಚ್ಚಿಕೊಳ್ಳೋವಾಗ ಗೊತ್ತಾತು. ಏನಂತ ಹೇಳ್ಲಿ ನಿನಗ?"

ನೀಲಕಂಠ ಚೀಲವನ್ನು ಮತ್ತೆ ತನ್ನ ಎದೆಗೆ ಹಾಕಿಕೊಂಡ. "ನಾನ ತರತೀನಿ ಅವನ್ನ."

ತಾಯಿ ಡಬ್ಬಿಯಿದ್ದ ಚೀಲವನ್ನೇ ನೋಡಿದರು. ಅತ್ತೆ ಆ ಡಬ್ಬಿಯನ್ನು ಅವರ ಕೈಗೆ ಕೊಟ್ಟದ್ದು ಹಾಸಿಗೆಯ ಮೇಲೆ. ಆ ಹಾಸಿಗೆಯಿಂದ ಮತ್ತೆ ಏಳಲಿಲ್ಲ. ನೀಲಕಂಠನಿಗೂ ಅದು ನೆನಪಿತ್ತು. ಅದಕ್ಕೇ ಅವನು ಇಷ್ಟು ದಿನ ಡಬ್ಬಿಯನ್ನು ತನ್ನ ಕೈಗೆ ಕೊಡೆಂದು ಕೇಳಿರಲಿಲ್ಲ.

"ಭಜಿ ಬಿಡ್ತೀಯೇನು?"

"ಬಿಟ್ಟೆ."

"ಹಾದ್ಯಾಗ ಚಾ?"

"ಅದೂ ಇಲ್ಲ."

"ನೀರು ಉಗುರುಬೆಚ್ಚಗಿರಬೇಕು. ಕಣ್ಣಾಗ ಹೋಗಬಾರದು."

"ಹಿತ್ತಾಳಿ ಕಣ್ಣವ್ವಾ."

"ಅದಕ್ಕ ನಿನ್ನ ಕೈಯಾಗ ಕೊಡವಲ್ಲೆ ಅಂತಿದ್ದೆ ನಾ." ಮಥುರಾಬಾಯಿಯವರು ಕೈ ಚಾಚಿ, ಅವನ ಹೆಗಲ ಮೇಲೆ ಹೊರಳಿದ್ದ ಪಟ್ಟಿಯನ್ನು ಸರಿ ಮಾಡಿದರು. "ಮಂಗಳವಾರ ನೀನ ಎರಿ."

"ಬುಧವಾರ?"

"ಬುಧವಾರ ನಾ ಕೇಳತೀನಿ. ಕೇಳದಿದ್ರೂ ಎರಿ."

ಬೆಲೆ ಕೇಳಲು ಇಬ್ಬರಿಗೂ ನೆನಪಾಗಲಿಲ್ಲ. ಮಹಾಂತಪ್ಪನೂ ಹೇಳಲಿಲ್ಲ. ನೀಲಕಂಠ ಖಾಲಿ ಡಬ್ಬಿಯ ಚೀಲವನ್ನು ಎದೆಗೆ ಅವಚಿಕೊಂಡೇ ಮೆಟ್ಟಿಲಿಳಿದ.